ನಾಲಗೆ ಸೋಕಿದ ಪಟ್ಟಿ

ಬಕೆಟ್ಟಿನ ಮುಚ್ಚಳ ತೆಗೆಯುವ ಮೊದಲು ಉಸಿರು ಕಟ್ಟಿಕೊಳ್ಳಬೇಕು. ತೆಗೆದ ಮೇಲೆ ಇಪ್ಪತ್ತರವರೆಗೆ ಎಣಿಸಬೇಕು. ಆಮೇಲೆ ಬಾಯಿಯಿಂದಲೇ ಉಸಿರಾಡಬೇಕು. ಪ್ರಯೋಗಾಲಯ ಸೇರಿದ ಎರಡನೆಯ ವಾರಕ್ಕೆ ಅವಳು ಈ ಉಪಾಯ ಕಂಡುಕೊಂಡಿದ್ದಳು. ಬಾಯಿಯಿಂದ ಉಸಿರಾಡಿದರೆ ವಾಸನೆ ಮೂಗು ಬಿಟ್ಟು ನಾಲಗೆಯ ಮೇಲೆ ಬಂದು ಕೂರುತ್ತದೆ ಎಂದು ತಿಳಿದದ್ದು ಮೂರನೆಯ ವಾರ.

ಬಕೆಟ್ಟಿನೊಳಗೆ ಮಂಜುಗಡ್ಡೆ ಕರಗಿದ ನೀರಿನಲ್ಲಿ ಕುರಿಕಾಲಿನ ರಜ್ಜುಗಳಿರುತ್ತಿದ್ದವು. ಮಾಂಸವನ್ನು ಮೂಳೆಗೆ ಕಟ್ಟಿ ಹಿಡಿಯುವ ಬಿಳಿ ಹಗ್ಗಗಳವು. ಕಸಾಯಿಖಾನೆಯಿಂದ ವಾರಕ್ಕೆ ಮೂರು ಸಲ ಬರುತ್ತಿದ್ದವು. ಅವಕ್ಕೆ ಅಂಟಿದ ಹಳದಿ ಕೊಬ್ಬನ್ನು ಚಾಕುವಿನಿಂದ ಹೆರೆಯಬೇಕು, ಲೋಳೆ ಹೋಗುವವರೆಗೆ ಏಳು ನೀರಿನಲ್ಲಿ ತೊಳೆಯಬೇಕು, ಒಣಗಿಸಿ, ಎರಡು ಉಕ್ಕಿನ ಹಲಗೆಗಳ ನಡುವೆ ಒತ್ತಿ ಕಾಗದದಷ್ಟು ತೆಳ್ಳಗಿನ ಪಟ್ಟಿ ಮಾಡಬೇಕು. ಹೆರೆದ ಕೊಬ್ಬು ಕೈಗವಸಿನ ಮೇಲೆ ಗಟ್ಟಿಯಾಗಿ, ಆರಿದ ಮೇಣದ ಹಾಗೆ ಬೆರಳ ಸಂದಿಯಲ್ಲಿ ಕೂತುಬಿಡುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅನ್ನದ ಪ್ರತಿ ಅಗುಳೂ ಅದೇ ನುಣುಪಿನಲ್ಲಿ ಹೊಳೆಯುವಂತೆ ಕಂಡು ಅವಳು ಬುತ್ತಿಯನ್ನು ಮತ್ತೆ ಕಟ್ಟಿಡುತ್ತಿದ್ದಳು.

ಹಾಗಾಗಿಯೇ ಅವಳ ಕೈಯಲ್ಲಿ ಯಾವಾಗಲೂ ಒಂದು ಕರ್ಚೀಫು. ಹಾಗಾಗಿಯೇ ಅವಳಿಗೆ ಅಲ್ಲಿ ಕರ್ಚೀಫಮ್ಮ ಎಂಬ ಹೆಸರು. ಇಟ್ಟವರು ಗೋಂದಣ್ಣ.

ಗೋಂದಣ್ಣನೂ ನಿಜವಾದ ಹೆಸರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯ ತಂತ್ರಜ್ಞರು ಅವರು. ಯಾವ ತೆಳು ಪದರವನ್ನಾದರೂ ಯಾವ ಲೋಹಕ್ಕಾದರೂ ಒಂದು ಗುಳ್ಳೆ ಏಳದ ಹಾಗೆ ಅಂಟಿಸಬಲ್ಲವರು. ಕುರಿಕಾಲಿನ ಪಟ್ಟಿಯ ಕೆಳಗೆ ತಾಮ್ರದ ಬಿಲ್ಲೆ, ಮೇಲೆ ಬೆಳ್ಳಿಯ ಬಿಲ್ಲೆ ಕೂರಿಸುವುದು ಅವರ ಕೆಲಸ. ಯಂತ್ರದ ಪುಟ್ಟ ಸುತ್ತಿಗೆ ಪಟ್ಟಿಯನ್ನು ಮೆಲ್ಲಗೆ ಒತ್ತಿ ಬಿಡುವಾಗ ತೆರೆಯ ಮೇಲಿನ ಹಸಿರು ಗೀಟು ಎಷ್ಟು ಮೇಲೆ ನೆಗೆಯಿತೆಂದು ಬರೆದುಕೊಳ್ಳುವುದು ಅವಳ ಕೆಲಸ. ಅವರು ಪಟ್ಟಿ ಕೈಗೆತ್ತಿಕೊಂಡ ಕೂಡಲೇ ಅವಳು ಕರ್ಚೀಫು ಮೂಗಿಗೇರಿಸಿ ಗೋಡೆಯ ಕಡೆ ತಿರುಗುವಳು. "ಆಯ್ತಮ್ಮಾ, ಈಗ ಈ ಕಡೆ ನೋಡು. ಕುರಿ ಏನೂ ಎದ್ದು ಬಂದು ಕಚ್ಚಲ್ಲ" ಎಂದು ಅವರು ಹೇಳಿದ ಮೇಲೆಯೇ ಇತ್ತ ತಿರುಗುವುದು. ಎಂಟು ತಿಂಗಳು ಹೀಗೇ ನಡೆದಿತ್ತು.

ಕುರಿಯ ಕಾಲಿನಲ್ಲಿ ವಿದ್ಯುತ್ತು ಎಂದರೆ ಹೊರಗಿನವರು ನಗುತ್ತಿದ್ದರು. ಆದರೆ ಅದು ಸುಳ್ಳಲ್ಲ. ಮೂಳೆಯನ್ನಾಗಲಿ ಈ ಬಿಳಿ ಹಗ್ಗವನ್ನಾಗಲಿ ಒತ್ತಿದರೆ ಒಳಗೆ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಎಷ್ಟೆಂದರೆ, ಕಂಡೂ ಕಾಣದಷ್ಟು. ಅವರ ಪಟ್ಟಿಯಲ್ಲಿ ಮಾತ್ರ ಅದರ ನೂರು ಪಟ್ಟು ಹುಟ್ಟುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥರಾದ ಸಾರ್ ಹೇಳುವ ಪ್ರಕಾರ, ಕೂಡದ ಮೂಳೆಗೆ ಈ ಪಟ್ಟಿಯನ್ನು ಸುತ್ತಿಬಿಟ್ಟರೆ ಸಾಕು. ರೋಗಿ ಹೆಜ್ಜೆಯೂರಿದಾಗಲೆಲ್ಲ ಪಟ್ಟಿ ಒತ್ತಿಕೊಳ್ಳುತ್ತದೆ, ವಿದ್ಯುತ್ತು ಹುಟ್ಟುತ್ತದೆ, ಮಲಗಿದ ಮೂಳೆ ಎಚ್ಚೆತ್ತು ಬೆಳೆಯಲು ತೊಡಗುತ್ತದೆ. ಮೂಳೆ ಆಸ್ಪತ್ರೆಯಲ್ಲಿ ಮೊದಲ ಆರು ಕಾಲುಗಳನ್ನು ಆರಿಸಿಯೂ ಆಗಿತ್ತು.

ಆರರಲ್ಲಿ ಒಂದು ಕಾಲು ಅವಳ ದೊಡ್ಡಮ್ಮನದು.

ಅವಳನ್ನು ನಾಲ್ಕು ವರ್ಷದವಳಿದ್ದಾಗಿನಿಂದ ಸಾಕಿ ಓದಿಸಿದ ದೊಡ್ಡಮ್ಮ ಹೊಲಿಗೆಯವಳು. ಬೆಳಗಿನಿಂದ ಸಂಜೆಯವರೆಗೆ ಹೊಲಿಗೆಯಂತ್ರದ ಮೆಟ್ಟು ತುಳಿದ ಕಾಲು, ಹನ್ನೊಂದು ತಿಂಗಳ ಹಿಂದೆ ಮೆಟ್ಟಿಲಲ್ಲಿ ಜಾರಿ ಮೊಣಕಾಲಿನ ಕೆಳಗೆ ಮುರಿದದ್ದು, ಇನ್ನೂ ಕೂಡಿರಲಿಲ್ಲ. ಕಾಲಿನ ಸುತ್ತ ಉಕ್ಕಿನ ಬಳೆಗಳು. ಬಳೆಗಳಿಂದ ಚರ್ಮ ತೂರಿ ಮೂಳೆಯ ಈಚೆಯಿಂದ ಆಚೆಗೆ ಹೋದ ಸರಳುಗಳು. ಸರಳು ಹೊಕ್ಕ, ಹೊರಬಂದ ಎಂಟು ತೂತುಗಳನ್ನು ದಿನಾ ಸಂಜೆ ಔಷಧಿನೀರಿನಲ್ಲಿ ಒರೆಸುವುದು ಅವಳ ಪಾಲಿನ ಕೆಲಸ. ತೂತಿನ ಸುತ್ತ ಹಕ್ಕಳೆ, ಹಕ್ಕಳೆಯಡಿಯಲ್ಲಿ ತೇವ, ತೇವದಲ್ಲಿ ಸಿಹಿಯಾಗಿ ಕೊಳೆತ ವಾಸನೆ. ಅವಳು ಕರ್ಚೀಫು ಕಟ್ಟಿಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಬೆರಳ ಅಂದಾಜಿನಲ್ಲೇ ಒರೆಸಿ ಮುಗಿಸುತ್ತಿದ್ದಳು.

"ಮೂಗು ಮುಚ್ಕೊಂಡೇ ಹುಟ್ಟಿದ್ದು ಕಣೇ ನೀನು" ಎನ್ನುತ್ತಿದ್ದಳು ದೊಡ್ಡಮ್ಮ. "ಹೆತ್ತೋಳ ಕಡೇನೂ ಹಿಂಗೇ ಸಿಂಡರಿಸ್ಕೊಂಡು ನೋಡಿರ್ತೀಯ."

"ಸುಮ್ನಿರು ದೊಡ್ಡಮ್ಮ. ಅಲ್ಲಾಡ್ಬೇಡ."

"ಅಲ್ಲಾಡೋ ಹಾಗಿದ್ರೆ ನಿನ್ನ ಕೈಲಿ ಯಾಕೆ ಒರೆಸಿಕೊಳ್ತಿದ್ದೆ?" ಎಂದು ದಾರದ ತುದಿಯನ್ನು ನಾಲಗೆಗೆ ಸವರಿ, ತುಟಿಯಲ್ಲಿ ಎಳೆದು ಸೂಜಿಗೆ ಪೋಣಿಸುವಳು. ಅದನ್ನೂ ಅವಳಿಂದ ನೋಡಲಾಗುತ್ತಿರಲಿಲ್ಲ. ಊರಿನವರ ರವಿಕೆಗಳಲ್ಲೆಲ್ಲ ದೊಡ್ಡಮ್ಮನ ಎಂಜಲು ಇದೆ ಎಂಬ ಯೋಚನೆ ಚಿಕ್ಕಂದಿನಿಂದಲೂ ಅವಳನ್ನು ಕಾಡಿತ್ತು.

ಮೂಳೆ ಡಾಕ್ಟರಮ್ಮ ಎರಡು ದಾರಿ ಹೇಳಿದ್ದರು. ಈ ತಿಂಗಳೊಳಗೆ ಸೊಂಟದ ಮೂಳೆ ಕೊಯ್ದು ಕಾಲಿಗೆ ತುಂಬುವುದು ಒಂದು. ನೋವು ಜಾಸ್ತಿ, ಆದರೆ ಹಳೆಯ, ಗೊತ್ತಿರುವ ದಾರಿ. ಇಲ್ಲವೇ ಹೊಸ ಪಟ್ಟಿ ಸುತ್ತಿ ಆರು ತಿಂಗಳು ಕಾಯುವುದು. ಕಾಯ್ದೂ ಕೂಡದಿದ್ದರೆ ಆ ಹೊತ್ತಿಗೆ ಕೀವು ಮೂಳೆಗಿಳಿದಿರುತ್ತದೆ, ಮತ್ತೆ ಸೊಂಟದ ದಾರಿ ಉಳಿಯುವುದಿಲ್ಲ, ಮೊಣಕಾಲಿನ ಕೆಳಗೆ ಕತ್ತರಿಸುವುದೊಂದೇ. ದೊಡ್ಡಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ನಮ್ಮ ಪುಟ್ಟಿ ಮಾಡಿರೋ ಪಟ್ಟಿ ಇರುವಾಗ ನನ್ನ ಸೊಂಟ ಯಾಕೆ ಕೊಯ್ಯಬೇಕು?" ಎಂದಿದ್ದಳು.

ಡಾಕ್ಟರಮ್ಮ ಶುಕ್ರವಾರ ಬರುವವರಿದ್ದರು. ಎಂಟು ತಿಂಗಳ ಅಳತೆಯ ಹಾಳೆಗಳಿಗೆ ಅಳೆದವಳ ಸಹಿ ಬೀಳಬೇಕು, ತಾವೂ ಒಂದು ಸಲ ಕಣ್ಣಾರೆ ನೋಡಬೇಕು, ಆಮೇಲೆಯೇ ಪಟ್ಟಿ ಆಸ್ಪತ್ರೆಗೆ ಎಂಬುದು ಅವರ ಷರತ್ತು.

ಮಂಗಳವಾರ ಅವಳು ಹಾಳೆಗಳನ್ನು ಜೋಡಿಸುತ್ತ ಕುಳಿತಳು. ಎಲ್ಲ ದಿನವೂ ಗೀಟು ಎತ್ತರ. ನಡುವೆ ಮೂರು ದಿನ ಮಾತ್ರ ನೆಲಕ್ಕೆ ಅಂಟಿಕೊಂಡಿತ್ತು. ಆಗ ಎಲ್ಲರೂ ಕುರಿಯನ್ನು ಬೈದಿದ್ದರು, ಮುದಿ ಕುರಿ ಇರಬೇಕೆಂದು. ಅವಳಿಗೆ ಏನನ್ನಾದರೂ ಬರೆದಿಡದೆ ನಿದ್ದೆ ಬಾರದು, ಅಳತೆಯ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಆ ದಿನದ್ದೇನಾದರೂ ಗೀಚಿಬಿಡುವ ಚಾಳಿ. ಆ ಮೂರು ದಿನದ ಅಂಚನ್ನು ಓದಿದಳು. "ಗೋಂದಣ್ಣ ದವಡೆ ಹಲ್ಲು ಕೀಳಿಸಿಕೊಂಡಿದ್ದಾರೆ. ಬಾಯ ತುಂಬ ಹತ್ತಿ. ಮಾತಿಲ್ಲ. ಎಷ್ಟು ಆರಾಮ." ಮರುದಿನ: "ಇನ್ನೂ ಹತ್ತಿ." ಮೂರನೆಯ ದಿನ: "ಹತ್ತಿಗೆ ರಕ್ತ. ನೋಡಲಾರೆ." ನಾಲ್ಕನೆಯ ದಿನ: "ಹತ್ತಿ ತೆಗೆದರು. ಮತ್ತೆ ಶುರು, ಮಾತೂ, ಗೀಟೂ."

ಅವಳು ಆ ಸಾಲನ್ನು ಎರಡು ಸಲ ಓದಿದಳು. ಹಲ್ಲಿಗೂ ಕುರಿಯ ಕಾಲಿಗೂ ಏನು ಸಂಬಂಧ?

ಮಧ್ಯಾಹ್ನ ಗೋಂದಣ್ಣ ಪಟ್ಟಿ ಕೈಗೆತ್ತಿಕೊಂಡಾಗ ಅವಳು ಗೋಡೆಯ ಕಡೆ ತಿರುಗಲಿಲ್ಲ. ನಿಯಮದ ಪ್ರಕಾರ ಎರಡು ತೊಟ್ಟು ಶುದ್ಧ ನೀರು ಹಾಕಿ ಪಟ್ಟಿಯನ್ನು ಹದ ಮಾಡಬೇಕು. ನೀರಿನ ಸೀಸೆ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿತ್ತು. ಗೋಂದಣ್ಣ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ದಪ್ಪ ಬಿಳಿ ನಾಲಗೆ ಚಾಚಿ, ಲಕೋಟೆಯ ಅಂಚನ್ನು ನೆಕ್ಕುವ ಹಾಗೆ ಈ ತುದಿಯಿಂದ ಆ ತುದಿಯವರೆಗೆ ನೆಕ್ಕಿದರು. ತಿರುವಿ ಇನ್ನೊಂದು ಬದಿಯನ್ನೂ ನೆಕ್ಕಿದರು. ಎಂಜಲಿನ ಒಂದು ಎಳೆ ಪಟ್ಟಿಯಿಂದ ಅವರ ಗಲ್ಲದವರೆಗೆ ಜೋತು ತುಂಡಾಯಿತು. ಆಮೇಲೆ ಬೆಳ್ಳಿಯ ಬಿಲ್ಲೆಯಿಟ್ಟು ಹೆಬ್ಬೆರಳಿಂದ ಒತ್ತಿದರು.

ಅವಳು ಕೈ ತೊಳೆಯುವ ತೊಟ್ಟಿಯ ಕಡೆ ಓಡಿದಳು. ಬೆಳಗಿನಿಂದ ತಿಂದದ್ದೆಲ್ಲ ಹೊರಗೆ ಬಂತು.

"ಅಯ್ಯೋ, ಏನಾಯ್ತಮ್ಮಾ?"

"ನೀವು... ಅದನ್ನ ನೆಕ್ತೀರಾ?"

"ಇಷ್ಟು ದಿನ ಗೊತ್ತಿರ್ಲಿಲ್ವಾ?" ಗೋಂದಣ್ಣನಿಗೆ ನಿಜಕ್ಕೂ ಆಶ್ಚರ್ಯ. "ಗೋಂದಣ್ಣ ಅಂತ ಸುಮ್ನೆ ಕರೀತಾರಾ ನನ್ನ? ನೀರು ಹಾಕಿದ್ರೆ ಬಿಲ್ಲೆ ಜಾರತ್ತೆ ಕಣಮ್ಮ. ಎಂಜಲಾದ್ರೆ ಗಟ್ಟಿ ಹಿಡ್ಕೊಳ್ಳತ್ತೆ. ನಮ್ಮಪ್ಪ ಅಂಚೆ ಕಚೇರೀಲಿ ಮೂವತ್ತು ವರ್ಷ ನಾಲಗೇಲೇ ಸ್ಟಾಂಪ್ ಅಂಟಿಸಿದ್ರು. ಒಂದೂ ಉದುರಿಲ್ಲ."

"ಒಂದ್ಸಲ ನೀರು ಹಾಕಿ ಗೋಂದಣ್ಣ. ನನಗೋಸ್ಕರ."

ಅವರು ಗೊಣಗುತ್ತಲೇ ಧೂಳು ಕೊಡವಿ ಸೀಸೆ ತೆಗೆದರು. ಹೊಸ ಪಟ್ಟಿ, ಎರಡು ತೊಟ್ಟು, ಬಿಲ್ಲೆ. ಸುತ್ತಿಗೆ ಒತ್ತಿತು, ಬಿಟ್ಟಿತು, ಒತ್ತಿತು. ಹಸಿರು ಗೀಟು ಮಲಗಿದಲ್ಲೇ ಒಂದು ಕೂದಲೆಳೆಯಷ್ಟು ಕದಲಿತು, ಅಷ್ಟೆ. ಗೋಂದಣ್ಣ ತೆರೆಯನ್ನು ನೋಡಿದರು, ಸೀಸೆಯನ್ನು ನೋಡಿದರು, ಆಮೇಲೆ ಕೈಯಿಂದ ತಮ್ಮ ಬಾಯಿಯನ್ನು ಮುಚ್ಚಿಕೊಂಡರು.

ಅವಳಿಗೆ ಅರ್ಥವಾಗಿತ್ತು. ಬಾಯಲ್ಲಿ ಹತ್ತಿಯಿದ್ದ ಆ ಮೂರು ದಿನ ಅವರು ನೀರನ್ನೇ ಹಾಕಿರಬೇಕು. ಎಂಜಲು ಉಪ್ಪುನೀರು. ಒಂದು ಕಡೆ ತಾಮ್ರ, ಇನ್ನೊಂದು ಕಡೆ ಬೆಳ್ಳಿ, ನಡುವೆ ಉಪ್ಪುನೀರು ಎಂದರೆ ಶಾಲೆಯ ಮಕ್ಕಳು ಮಾಡುವ ಬ್ಯಾಟರಿ. ಒತ್ತಿದಾಗ ಲೋಹ ಹೆಚ್ಚು ತಾಗುತ್ತದೆ, ಬಿಟ್ಟಾಗ ಕಡಿಮೆ, ಗೀಟು ಕುಣಿಯುತ್ತದೆ. ಎಂಟು ತಿಂಗಳು ಅವಳು ಅಳೆದು, ಗೆರೆ ಹಾಕಿ, ದುಂಡಗೆ ಬರೆದಿಟ್ಟದ್ದು ಒಬ್ಬ ಮುದುಕನ ಬಾಯಿನೀರನ್ನು. ಒಂದೇ ಒಂದು ದಿನ ಮುಖ ತಿರುಗಿಸದೆ ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ಅವರ ಮೇಲಿದ್ದ ಅಸಹ್ಯದಲ್ಲಿ ಅರ್ಧ ಅವಳ ಮೇಲೆಯೇ ತಿರುಗಿತು.

ಅವಳು ಸಾರ್ ಕೋಣೆಯ ಬಾಗಿಲಲ್ಲಿ ನಿಂತು ಅದೆಲ್ಲವನ್ನೂ ಹೇಳಿ ಮುಗಿಸಿದಳು. ಸಾರ್ ಕೂಗಾಡಲಿಲ್ಲ. ಮೇಜಿನ ಮೇಲಿನ ಪುಟ್ಟ ಬಾಟಲಿಯಿಂದ ಒಂದು ಹನಿ ಕೈಗೆ ಹಾಕಿ, ಎರಡೂ ಅಂಗೈ ಉಜ್ಜಿಕೊಂಡರು. ನಿಂಬೆಯ ಪರಿಮಳ ಬಂತು.

"ನೋಡಮ್ಮ, ದೇಹದ ಒಳಗೇನು ಶುದ್ಧ ನೀರಿದೆಯಾ? ಅಲ್ಲೂ ಉಪ್ಪುನೀರೇ. ಎಂಜಲಲ್ಲಿ ಬಂದ ಗೀಟು ರಕ್ತದಲ್ಲೂ ಬರತ್ತೆ. ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೋತಾರಾ?"

"ಆದ್ರೆ ಸಾರ್, ಕಾಲೊಳಗೆ ತಾಮ್ರ, ಬೆಳ್ಳಿ ಇರಲ್ಲ. ಪಟ್ಟಿ ಮಾತ್ರ ಇರತ್ತೆ."

ಅವರ ಕೈಗಳು ಒಂದು ಕ್ಷಣ ನಿಂತವು. "ನಿಮ್ಮ ದೊಡ್ಡಮ್ಮನ ಹೆಸರು ಆ ಆರು ಜನರಲ್ಲಿ ಸೇರಿಸಿದ್ದು ಯಾರು?"

"ನೀವು ಸಾರ್."

"ಅದನ್ನ ನೆನಪಿಟ್ಕೊ. ಶುಕ್ರವಾರ ಸಹಿ ಹಾಕು."

ಅಂಗೈಯ ಪರಿಮಳದ ಅಡಿಯಲ್ಲಿ ಅವಳಿಗೆ ಬಕೆಟ್ಟಿನ ವಾಸನೆಯೇ ಬಡಿಯಿತು. ಈ ಮನುಷ್ಯ ಬಕೆಟ್ಟಿಗೆ ಒಂದು ದಿನವೂ ಕೈ ಹಾಕಿದವರಲ್ಲ. ಆದರೂ ಆ ಕೋಣೆಯಲ್ಲಿ ಮುಚ್ಚಳ ತೆಗೆದಿಟ್ಟ ಹಾಗಿತ್ತು.

ಶುಕ್ರವಾರ ಬೆಳಗ್ಗೆ ಡಾಕ್ಟರಮ್ಮ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ಸಾರ್ ತಾವೇ ಕುರ್ಚಿ ಎಳೆದು ಕೊಟ್ಟರು. ಗೋಂದಣ್ಣ ಎಲ್ಲರಿಗೂ ಬೆನ್ನು ಮಾಡಿ ನಿಂತರು. ಅವರ ಕತ್ತು ಬಗ್ಗಿದ್ದು, ಭುಜ ಅಲುಗಿದ್ದು ಕಂಡಿತು. ಅವರು ಇತ್ತ ತಿರುಗಿದಾಗ ಪಟ್ಟಿ ಬಿಲ್ಲೆಗಳ ನಡುವೆ ಇತ್ತು. ಸುತ್ತಿಗೆ ಆಡಿತು. ಗೀಟು ತೆರೆಯ ತುದಿಯವರೆಗೆ ಚಿಮ್ಮಿತು.

"ಅದ್ಭುತ" ಎಂದರು ಡಾಕ್ಟರಮ್ಮ. "ಹಾಗಾದ್ರೆ ಸೋಮವಾರ ಮೊದಲನೇ ಕಾಲು. ಆ ಹೊಲಿಗೆಯವರದ್ದೇ ತಗೋಳೋಣ, ತಡ ಮಾಡೋ ಹಾಗಿಲ್ಲ."

ಸಾರ್ ಪೆನ್ನಿನ ಕ್ಯಾಪು ತೆಗೆದು ಅವಳ ಕಡೆ ಚಾಚಿದರು.

ಮಾತಾಡಬೇಕೆಂದು ಅವಳು ಬಾಯಿ ತೆರೆದಳು. ಮೂರು ದಿನದಿಂದ ಕನ್ನಡಿಯ ಮುಂದೆ ಕಲಿತ ಮಾತಿನ ಮೊದಲ ಪದವೇ ಮರೆತಿತ್ತು. ನಾಲ್ಕು ಜನ ನೋಡುತ್ತಿದ್ದರೆ ತನ್ನ ಹೆಸರೂ ನಾಲಗೆಗೆ ಬರದ ಹುಡುಗಿ ಅವಳು. ಪೆನ್ನು ತೆಗೆದುಕೊಳ್ಳಲಿಲ್ಲ. ಮೇಜಿನ ಹತ್ತಿರ ಹೋಗಿ ಒಂದು ಹೊಸ ಪಟ್ಟಿ ಎತ್ತಿದಳು, ಸೀಸೆಯಿಂದ ಎರಡು ತೊಟ್ಟು ನೀರು ಹಾಕಿದಳು, ಬಿಲ್ಲೆಗಳ ನಡುವೆ ಇಟ್ಟಳು. ಗೀಟು ಮಲಗಿಯೇ ಇತ್ತು.

"ಅವಳಿಗೆ ಅಂಟಿಸೋಕೆ ಬರಲ್ಲ ಡಾಕ್ಟರ್" ಎಂದರು ಸಾರ್ ನಗುತ್ತ. "ಅದಕ್ಕೆ ಕೈ ಪಳಗಿರಬೇಕು."

ಅವಳು ಗೋಂದಣ್ಣನ ಕಡೆ ನೋಡಿದಳು. ನೆಕ್ಕಿ ತೋರಿಸಿ, ಒಂದೇ ಒಂದು ಸಲ ಎಲ್ಲರ ಎದುರು, ಎಂದು ಕಣ್ಣಲ್ಲೇ ಬೇಡಿದಳು. ಗೋಂದಣ್ಣ ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು.

ಇನ್ನು ಉಳಿದಿದ್ದ ನಾಲಗೆ ಒಂದೇ.

ಅವಳು ಕರ್ಚೀಫನ್ನು ಮೇಜಿನ ಮೇಲಿಟ್ಟಳು. ಮತ್ತೊಂದು ಪಟ್ಟಿ ಎತ್ತಿದಳು. ಹಳದಿ ಬಿಳುಪು, ಅಂಚಿನಲ್ಲಿ ಹೆರೆಯದೆ ಉಳಿದ ಕೊಬ್ಬಿನ ಒಂದು ಚುಕ್ಕೆ. ಕಣ್ಣು ಮುಚ್ಚಲಿಲ್ಲ. ನಾಲಗೆ ಚಾಚಿ, ಈ ತುದಿಯಿಂದ ಆ ತುದಿಯವರೆಗೆ ನೆಕ್ಕಿದಳು. ಮೊದಲು ಏನೂ ರುಚಿಯಿರಲಿಲ್ಲ, ಉಗುರನ್ನು ನೆಕ್ಕಿದ ಹಾಗೆ. ಆಮೇಲೆ ಪಟ್ಟಿ ನೆನೆದು ಮೆತ್ತಗಾಗಿ ನಾಲಗೆಯನ್ನು ಹಿಡಿದುಕೊಂಡಿತು, ಬಿಡಿಸಿಕೊಳ್ಳಲು ಎಳೆಯಬೇಕಾಯಿತು, ಮತ್ತು ಬಕೆಟ್ಟು ಇಡಿಯಾಗಿ ಬಾಯೊಳಗೆ ಬಂತು. ಹಳೆಯ ಕೊಬ್ಬು, ಗೊರಸು, ಒದ್ದೆ ಉಣ್ಣೆ. ಗಂಟಲಿಗೆ ಉಕ್ಕಿ ಬಂದದ್ದನ್ನು ನುಂಗಿ ಇನ್ನೊಂದು ಬದಿಯನ್ನೂ ನೆಕ್ಕಿದಳು. ಬಿಲ್ಲೆಗಳ ನಡುವೆ ಇಟ್ಟಳು.

ಗೀಟು ಚಿಮ್ಮಿತು.

ಬಿಲ್ಲೆಗಳನ್ನು ಇದ್ದ ಹಾಗೇ ಬಿಟ್ಟು, ಪಟ್ಟಿಯನ್ನು ಮಾತ್ರ ತೆಗೆದು ತಲೆಕೆಳಗು ಮಾಡಿ ಮತ್ತೆ ಇಟ್ಟಳು. ವಿದ್ಯುತ್ತು ಪಟ್ಟಿಯದೇ ಆಗಿದ್ದರೆ ಈಗ ಗೀಟೂ ತಲೆಕೆಳಗಾಗಿ ಕೆಳಕ್ಕೆ ನೆಗೆಯಬೇಕಿತ್ತು. ಅದು ಮೊದಲಿನ ಹಾಗೆಯೇ ಮೇಲಕ್ಕೆ ಚಿಮ್ಮಿತು. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಹತ್ತಿರ ಬಂದರು. ಅವಳು ಮೇಜಿನ ಮೇಲಿದ್ದ ಶಾಯಿ ಒತ್ತುವ ಕಾಗದದಿಂದ ಒಂದು ತುಂಡು ಹರಿದು, ಅದನ್ನೂ ನೆಕ್ಕಿ, ಬಿಲ್ಲೆಗಳ ನಡುವೆ ಇಟ್ಟಳು. ಕುರಿಯೂ ಇಲ್ಲ, ಕಾಲೂ ಇಲ್ಲ, ಬರೀ ಕಾಗದ. ಗೀಟು ಎಲ್ಲಕ್ಕಿಂತ ಎತ್ತರಕ್ಕೆ ನೆಗೆಯಿತು.

"ಎಂಜಲು" ಎಂದಳು ಅವಳು. ಆ ದಿನ ಅವಳ ಬಾಯಿಂದ ಹೊರಟ ಮೊದಲ ಮಾತು ಅದು.

"ಥೂ" ಎಂದರು ಡಾಕ್ಟರಮ್ಮ, ತಮಗೆ ತಾವೇ. ಆಮೇಲೆ ಸಾರ್ ಕಡೆ ತಿರುಗಿ, "ನಿಮಗಿದು ಗೊತ್ತಿತ್ತಾ?" ಎಂದು ಕೇಳಿದರು. ಸಾರ್ ಬಾಟಲಿಗಾಗಿ ಜೇಬು ತಡಕುತ್ತಿದ್ದರು.

"ಮಂಗಳವಾರವೇ ಗೊತ್ತಿತ್ತು" ಎಂದರು ಗೋಂದಣ್ಣ. ಧ್ವನಿ ಒಡೆದಿತ್ತು. "ಇಬ್ಬರಿಗೂ. ನನಗೂ, ಅವರಿಗೂ."

ಡಾಕ್ಟರಮ್ಮ ಹಾಳೆಗಳನ್ನು ಮುಟ್ಟದೆ ಹೊರಟುಹೋದರು. ಸಾರ್ ಅವಳ ಕಡೆ ನೋಡದೆ, "ಸೋಮವಾರದಿಂದ ನೀನು ಬರೋದು ಬೇಡ" ಎಂದರು. ಗೇಟಿನವರೆಗೆ ಹಿಂದೆ ಬಂದ ಗೋಂದಣ್ಣ ಒಂದು ಪೆಪ್ಪರ್‌ಮಿಂಟ್ ಚಾಚಿದರು. "ಬಾಯಿಗೆ ಹಾಕ್ಕೊಮ್ಮಾ. ಮೊದಲ್ನೇ ಸಲ ನನಗೂ ಹಂಗೇ ಆಗಿತ್ತು." ಅವರ ಬೆರಳು ಸೋಕಿದ ಪೆಪ್ಪರ್‌ಮಿಂಟ್. ಅವಳು ಅದನ್ನು ಬಸ್ಸಿನ ಕಿಟಕಿಯಿಂದ ಎಸೆದಳು.

ಮನೆಯಲ್ಲಿ ನಾಲ್ಕು ಸಲ ಹಲ್ಲುಜ್ಜಿದಳು. ನಾಲಗೆಯನ್ನು ರಕ್ತ ಜಿನುಗುವವರೆಗೆ ಕೆರೆದಳು. ಉಣ್ಣೆಯ ರುಚಿ ಹೋಗಲಿಲ್ಲ.

"ಪೇಸ್ಟೆಲ್ಲಾ ಖಾಲಿ ಮಾಡ್ತೀಯೇನೇ?" ಒಳಗಿನಿಂದ ದೊಡ್ಡಮ್ಮ ಕೂಗಿದಳು. "ಯಾವತ್ತಂತೆ ನನ್ನ ಪಟ್ಟಿ?"

ಅವಳು ಮಂಚದ ಹತ್ತಿರ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ದೊಡ್ಡಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಸುಮ್ನಿದ್ದಿದ್ರೆ ಏನಾಗ್ತಿತ್ತು? ಒಂದ್ವೇಳೆ ಕೂಡ್ತಿತ್ತೇನೋ."

"ಕೂಡ್ತಿರ್ಲಿಲ್ಲ ದೊಡ್ಡಮ್ಮ."

"ಸೊಂಟ ಕೊಯ್ಸಿಕೋ ಅಂತೀಯ ಹಂಗಾದ್ರೆ. ಕೆಲ್ಸಾನೂ ಕಳ್ಕೊಂಡು ಬಂದೆ." ಬಟ್ಟೆಯನ್ನು ಪಕ್ಕಕ್ಕೆ ಎಸೆದಳು. "ಕುರಿಕಾಲು ನೆಕ್ಕಿದ್ಯಾ ನಿಜವಾಗ್ಲೂ? ನೀನು?"

"ಹೂಂ."

"ಆ ಬಾಯಲ್ಲಿ ನನ್ನ ಹತ್ರ ಮಾತಾಡ್ಬೇಡ. ದೂರ ಕೂತ್ಕೋ. ಥೂ, ಥೂ." ಹಾಗೆಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒರೆಸು ಬಾ. ಇವತ್ತು ತಡ ಆಯ್ತು."

ಅವಳು ಔಷಧಿನೀರು, ಹತ್ತಿ ತಂದಳು. ಜೇಬಿಗೆ ಕೈ ಹಾಕಿದರೆ ಕರ್ಚೀಫು ಇಲ್ಲ. ಮೇಜಿನ ಮೇಲೆಯೇ ಉಳಿದಿತ್ತು. ಒಂದು ಕ್ಷಣ ಕಿಟಕಿಯ ಕಡೆ ತಿರುಗಿದಳು. ಆಮೇಲೆ ಮುಖವನ್ನು ಕಾಲಿನ ಕಡೆ ತಂದು, ಮೊದಲ ತೂತಿನಿಂದ ಒರೆಸತೊಡಗಿದಳು. ಒಂದು. ಎರಡು. ಮೂರು. ಹಕ್ಕಳೆ, ಒಣಗಿದ ರಕ್ತ, ಕೂದಲು.

ಆರನೆಯದು ಮೀನಖಂಡದ ಹಿಂಬದಿಯಲ್ಲಿತ್ತು. ಕಿಟಕಿ ನೋಡುತ್ತ ಒರೆಸುವ ಬೆರಳು ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ಹಕ್ಕಳೆಯನ್ನು ಎತ್ತಿದಳು. ಅದರಡಿಯಿಂದ ಹಸಿರು ಬೆರೆತ ಹಳದಿ ಕೀವು ನಿಧಾನವಾಗಿ ಉಬ್ಬಿ, ಸರಳಿನ ಗುಂಟ ಇಳಿದು, ಅವಳ ಹೆಬ್ಬೆರಳ ಮೇಲೆ ಬೆಚ್ಚಗೆ ಬಿತ್ತು. ಸುತ್ತಲ ಚರ್ಮ ಕೆಂಪಗೆ ಮಿರುಗುತ್ತಿತ್ತು. ವಾಸನೆ ಮೂಗಿಗೆ ಬಡಿದು ಅವಳು ಓಕರಿಸಿದಳು. ಓಕರಿಸುತ್ತಲೇ ಬಗ್ಗಿ ಇನ್ನೂ ಹತ್ತಿರದಿಂದ ನೋಡಿದಳು.

"ಏನೇ ಅದು?"

"ಡಾಕ್ಟರಿಗೆ ಫೋನ್ ಮಾಡ್ತೀನಿ."

"ಸೋಮವಾರ ಮಾಡಿದ್ರಾಯ್ತು ಬಿಡು. ನಾನಿನ್ನೂ ಒಪ್ಕೊಂಡಿಲ್ಲ."

"ಸೋಮವಾರ ಅಲ್ಲ, ಈಗ್ಲೇ" ಎಂದಳು ಅವಳು. ಎಡಗೈಯಿಂದ ನಂಬರು ಒತ್ತಿದಳು. ಬಲಗೈ ಹೆಬ್ಬೆರಳನ್ನು ಒರೆಸಿಕೊಳ್ಳದೆ ದೂರ ಹಿಡಿದುಕೊಂಡಿದ್ದಳು, ಬಣ್ಣ ಎಂಥದ್ದು ಎಂದು ಡಾಕ್ಟರಮ್ಮ ಕೇಳಿದರೆ ಸರಿಯಾಗಿ ನೋಡಿ ಹೇಳಬೇಕಲ್ಲ ಎಂದು.